ಮಸಾಲೆ ಡಬ್ಬಿಯಿಂದ ಕುಂಡದವರೆಗೆ: ಏನು ಕೆಲಸ ಮಾಡ್ತು, ಏನು ಮಾಡ್ಲಿಲ್ಲ

ನಾನು ಹಾವೇರಿ ಕಡೆಯವನು, ಈಗ ಇರೋದು ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ. ಓದಿದ್ದು ಎಂ.ಟೆಕ್, ಕೆಲಸ ಸಾಫ್ಟ್‌ವೇರ್. ತೋಟ ಅಂದ್ರೆ ಟೆರೇಸ್ ಮೇಲೆ ಹದಿನೆಂಟು ಕುಂಡ, ಅಷ್ಟೇ.

ಎರಡು ವರ್ಷದ ಹಿಂದೆ ಟೊಮ್ಯಾಟೊ ಗಿಡಕ್ಕೆ ಸಸ್ಯಹೇನು ಬಿತ್ತು. ಅಂಗಡಿಯಿಂದ ಒಂದು ಔಷಧಿ ತಂದು ಹೊಡೆದೆ. ಮರುದಿನ ಬೆಳಿಗ್ಗೆ ನಾಲ್ಕು ವರ್ಷದ ಮಗಳು ಒಂದು ಹಣ್ಣು ಕಿತ್ತು ತಿಂದುಬಿಟ್ಟಳು. ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳಬಾರದು ಅಂತ ಬಾಟ್ಲಿ ಮೇಲೆ ಬರೆದಿದ್ದನ್ನು ನಾನು ಓದಿದ್ದು ಆಮೇಲೆ. ಡಾಕ್ಟರಿಗೆ ಫೋನ್ ಮಾಡಿ, ರಾತ್ರಿಯೆಲ್ಲ ಅವಳ ಪಕ್ಕ ಕೂತಿದ್ದೆ. ಏನೂ ಆಗಲಿಲ್ಲ. ಆದರೆ ಆ ಬಾಟ್ಲಿ ಮತ್ತೆ ಟೆರೇಸ್ ಹತ್ತಲಿಲ್ಲ.

ಅವ್ವನಿಗೆ ಹೇಳಿದೆ. "ಬ್ಯಾಳಿ ಡಬ್ಬಿಗೆ ಒಣ ಮೆಣಸಿನಕಾಯಿ, ಕಾಳಿಗೆ ಬೇವಿನ ಎಲಿ ಹಾಕ್ತೀವಲ್ಲೋ, ಗಿಡಕ್ಕೂ ಮೆಣಸಿನಕಾಯಿ ಬಳ್ಳೊಳ್ಳಿ ಅರೆದು ಹೊಡಿ" ಅಂದಳು. ಮನೆಯಲ್ಲಿ ಇದ್ದದ್ದು ಅವಳೇ ಕಳಿಸಿದ ಬ್ಯಾಡಗಿ ಮೆಣಸಿನಕಾಯಿ. ನೀರು ಕುಂಕುಮದ ಹಾಗೆ ಕೆಂಪಾಯ್ತು, ಹೇನು ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಹೊಳೀತು: ಬ್ಯಾಡಗಿ ಹೆಸರಾಗಿರೋದು ಬಣ್ಣಕ್ಕೆ, ಖಾರಕ್ಕಲ್ಲ. ಹುಳಕ್ಕೆ ತಾಗಬೇಕಾದ್ದು ಖಾರದ ಅಂಶ, ಅಂದ್ರೆ ಕ್ಯಾಪ್ಸೈಸಿನ್. ಅದು ಎಣ್ಣೆಯಲ್ಲಿ ಕರಗುತ್ತೆ, ಬರೀ ನೀರಿನಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ ಸ್ವಲ್ಪ ಸೋಪು ಬೇಕು.

ಎರಡನೇ ಸಲ ಗುಂಟೂರು ಮೆಣಸಿನಕಾಯಿ ತಂದು ಗಟ್ಟಿಯಾಗಿಯೇ ಮಾಡಿ, ಏಪ್ರಿಲ್ ಮಧ್ಯಾಹ್ನ ಹೊಡೆದೆ. ಎಲೆ ಸುಟ್ಟುಹೋಯ್ತು. ಹೇನು ತಿನ್ನೋಕೆ ಬಂದಿದ್ದ ಗುಲಗಂಜಿ ಹುಳುಗಳೂ ಹೋದವು.

ಆಗ ಎಂಜಿನಿಯರ್ ಬುದ್ಧಿ ಬಂತು. ಆರು ಕುಂಡ ತಗೊಂಡೆ. ಎರಡಕ್ಕೆ ಏನೂ ಹಾಕಲಿಲ್ಲ, ಎರಡಕ್ಕೆ ಬರೀ ಸೋಪಿನ ನೀರು, ಇನ್ನೆರಡಕ್ಕೆ ಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಸೋಪು. ಹತ್ತು ದಿನ ಎಲೆ ಹಿಂದೆ ಎಣಿಸಿದೆ. ನಿಜ ಹೇಳ್ತೀನಿ, ಹೇನು ಕಡಿಮೆ ಮಾಡೋದ್ರಲ್ಲಿ ಬರೀ ಸೋಪಿನ ನೀರೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡ್ತು. ಮೆಣಸಿನಕಾಯಿ ಹಾಕಿದ ಕಡೆ ಹೊಸ ಹೇನು ಬರೋದು ಸ್ವಲ್ಪ ತಡವಾಯ್ತು. ಆರು ಕುಂಡದಿಂದ ಸಿದ್ಧಾಂತ ಆಗಲ್ಲ, ನಮ್ಮ ಟೆರೇಸಿಗೆ ಸಾಕು.

ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಾಗ ಪಕ್ಕದ ಮನೆ ಆಂಟಿ "ಪಿಂಡಿ ನಲ್ಲಿ, ಮೊದಲು ಚೀಮಲು ನೋಡು" ಅಂದ್ರು. ಚೀಮಲು ಅಂದ್ರೆ ಇರುವೆ. ತಿಗಣೆ ಬಿಡೋ ಸಿಹಿ ಅಂಟಿಗಾಗಿ ಇರುವೆಗಳು ಅದಕ್ಕೆ ಕಾವಲು ಕಾಯ್ತವೆ. ಬುಡಕ್ಕೆ ಅರಿಶಿನ ಹಾಕಿದೆ; ಎರಡು ದಿನ ದೂರ ಇದ್ದವು, ನೀರು ಹಾಕಿದ ಮೇಲೆ ವಾಪಸ್. ಕುಂಡ ಗೋಡೆಯಿಂದ ಸರಿಸಿ, ಪೈಪ್ ನೀರಿನಿಂದ ಜೋರಾಗಿ ತೊಳೆದದ್ದೇ ಹೆಚ್ಚು ಉಪಯೋಗ ಆಯ್ತು.

ಇದು ಟೆರೇಸಿನವರ ಹವ್ಯಾಸ ಮಾತ್ರ ಅಂದ್ಕೋಬೇಡಿ. ಖಮ್ಮಂ ಕಡೆಯ ಪುನುಕುಲ ಅನ್ನೋ ಊರು 2003ರಲ್ಲಿ ತನ್ನನ್ನು ಕೀಟನಾಶಕ ಮುಕ್ತ ಅಂತ ಘೋಷಿಸಿಕೊಳ್ತು. ಹತ್ತಿ ಬೆಳೆದು, ಔಷಧಿ ಸಾಲದಲ್ಲಿ ಬಿದ್ದಿದ್ದ ರೈತರು ಅವರು. ಬೇವಿನ ಬೀಜದ ಕಷಾಯ, ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ಬಳಸಿದ್ರು. ಅದಕ್ಕಿಂತ ಮುಖ್ಯ, ಹುಳ ಹೆಚ್ಚಾಗೋ ಮೊದಲೇ ಹೊಲ ನೋಡೋದು ಕಲಿತ್ರು.

ಈಗ ನಾನು ಮಾಡೋದು ಇಷ್ಟು. ಖಾರದ ಹಸಿಮೆಣಸಿನಕಾಯಿ 25 ಗ್ರಾಂ, ಬೆಳ್ಳುಳ್ಳಿ 50 ಗ್ರಾಂ ಅರೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸೋದು. ಇನ್ನೂ ನಾಲ್ಕು ಲೀಟರ್ ನೀರು ಬೆರೆಸಿ, ಲೀಟರಿಗೆ ಒಂದು ಟೀ ಚಮಚ ಸೋಪಿನ ದ್ರವ. ಡಿಟರ್ಜೆಂಟ್ ಪುಡಿ ಬೇಡ. ಮೊದಲು ಎರಡೇ ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಸಂಜೆ, ಎಲೆ ಹಿಂಭಾಗಕ್ಕೆ ಹೊಡೀರಿ. ಜೇನು ಬರೋ ಹೂವಿಗೆ ಬೇಡ. ಕೈಗವಸು, ಕನ್ನಡಕ ಹಾಕ್ಕೊಳ್ಳಿ, ಮಕ್ಕಳು ದೂರ ಇರಲಿ. ಅಡುಗೆಮನೆಯದ್ದು ಅಂದ ಮಾತ್ರಕ್ಕೆ ಕಣ್ಣಿಗೆ ಉರಿಯಲ್ಲ ಅಂತಲ್ಲ. ಹಣ್ಣು ತೊಳೆದೇ ತಿನ್ನಿ.

ಈಗ ಮಗಳಿಗೆ ಆರು ವರ್ಷ. ಭಾನುವಾರ ಎಲೆ ತಿರುಗಿಸಿ ನೋಡೋದು ಅವಳ ಕೆಲಸ. "ಅಪ್ಪಾ, ಬಗ್ ಸಿಕ್ತು!" ಅಂತ ಕೂಗ್ತಾಳೆ. ಬೇಗ ಸಿಕ್ಕಿದ ಬಗ್ಗಿಗೆ ಎಷ್ಟೋ ಸಲ ಬೆರಳೇ ಸಾಕು, ಕಷಾಯವೂ ಬೇಡ.