ಹದಿಹರೆಯದವರ ರಕ್ತದ ಒತ್ತಡ
(ಸಂಘದ ಮಾಸಿಕ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ರಕ್ತದ ಒತ್ತಡವೆಂದರೆ ಗಲ್ಲೆಯ ಮೇಲೆ ಕುಳಿತು ಹೊಟ್ಟೆ ಬೆಳೆಸಿದ ಯಜಮಾನರಿಗೆ ಬರುವ ರೋಗವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಇಂದು ಹುಡುಗರ ವಿಷಯ ಮಾತಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು, “ಹುಡುಗರಿಗೆಂಥ ಬ್ಲಡ್ ಪ್ರೆಶರ್, ಡಾಕ್ಟ್ರೇ?” ಎಂದು ನಕ್ಕರು. ಆ ನಗುವಿಗೆ ಉತ್ತರ ಕೊಡಲೆಂದೇ ಬಂದಿದ್ದೇನೆ.

ಕಳೆದ ಪರೀಕ್ಷೆಯ ಕಾಲದಲ್ಲಿ ಒಬ್ಬ ತಂದೆ ಮಗನನ್ನು ಕರೆತಂದರು. ಹತ್ತನೆಯ ತರಗತಿಯ ಹುಡುಗ. ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಅಂಗೈ ತಣ್ಣಗಾಗುತ್ತದೆ, ಎದೆ ಡವಗುಟ್ಟುತ್ತದೆ. “ಇವನು ಪುಕ್ಕಲ, ಧೈರ್ಯಕ್ಕೊಂದು ಟಾನಿಕ್ ಬರೆದುಕೊಡಿ” ಎಂದರು ತಂದೆ. ಹುಡುಗ ತಲೆ ಎತ್ತಲಿಲ್ಲ.

ಅದು ಪುಕ್ಕಲುತನವಲ್ಲ, ಮಹನೀಯರೇ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು 1915ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ; ಚರ್ಮದ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಅದರಿಂದಲೇ ಅಂಗೈ ತಣ್ಣಗಾಗುವುದು. ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಸಿದ್ಧವಾಗುತ್ತದೆ. ಬೆಂಚಿನ ಮೇಲೆ ಕುಳಿತ ಹುಡುಗ ಎಲ್ಲಿಗೆ ಓಡಬೇಕು?

ಈ ಏರಿಕೆ ಎಲ್ಲರಲ್ಲೂ ಒಂದೇ ಅಳತೆಯದಲ್ಲ. ಕೆಲವರಲ್ಲಿ ಸ್ವಲ್ಪ ಏರಿ ಬೇಗ ಇಳಿಯುತ್ತದೆ. ಕೆಲವರಲ್ಲಿ ಬಹಳ ಏರುತ್ತದೆ. ಬಹಳ ಏರುವವರ ಮುಂದಿನ ಗತಿಯೇನು? ಪಿಟ್ಸ್‌ಬರ್ಗಿನಲ್ಲಿ ಕ್ಯಾರನ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಆರೋಗ್ಯವಂತ ಮಕ್ಕಳಿಗೆ ಕನ್ನಡಿಯಲ್ಲಿ ನೋಡುತ್ತ ಗೆರೆ ಎಳೆಯುವಂಥ ಕಷ್ಟದ ಕೆಲಸಗಳನ್ನು ಕೊಟ್ಟು ಒತ್ತಡವನ್ನಳೆದರು. ಸುಮಾರು ಮೂರು ವರ್ಷ ಬಿಟ್ಟು ಮತ್ತೆ ಅಳೆದರು. ಮೊದಲು ಹೆಚ್ಚು ಏರಿದವರಲ್ಲಿ ಅನಂತರದ ಒತ್ತಡವೂ ಹೆಚ್ಚಾಗಿರುವ ಒಲವು ಕಂಡಿತು. ಇದು 2003ರಲ್ಲಿ ಪ್ರಕಟವಾಯಿತು. ಮರುವರ್ಷ, 18ರಿಂದ 30 ವಯಸ್ಸಿನಲ್ಲಿ ಸೇರಿಸಿಕೊಂಡಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಫಲಿತಾಂಶವೂ ಬಂದಿತು. ಅವರ ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಸಿದ್ದರು, ವಿಡಿಯೋ ಆಟವನ್ನೂ ಆಡಿಸಿದ್ದರು. ಅಲ್ಲಿಯೂ ಒಲವು ಅದೇ.

ಒಲವು ಎಂದೆ, ವಿಧಿ ಎನ್ನಲಿಲ್ಲ. ಅಂಗೈ ತಣ್ಣಗಾದ ಹುಡುಗನಿಗೆಲ್ಲ ರೋಗ ಬರುತ್ತದೆಂದು ಹೆದರಬೇಡಿ. ತಂದೆತಾಯಿಯರಿಂದ ಬಂದ ಗುಣ, ಮೈತೂಕ, ಉಪ್ಪು, ನಿದ್ದೆ ಇವೆಲ್ಲ ಇದರಲ್ಲಿ ಪಾಲುದಾರರು. ಉಪ್ಪಿನಕಾಯಿ, ಹಪ್ಪಳವಿಲ್ಲದೆ ನಮಗೆ ಊಟ ಇಳಿಯದು, ಅದು ನನಗೂ ಗೊತ್ತು! ಆದರೂ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಇನ್ನೂ ಕಡಿಮೆ. ಒಂದೇ ಖೋಲಿಯಲ್ಲಿ ಆರು ಜನ ಮಲಗುವಲ್ಲಿ, ರಾತ್ರಿ ಹನ್ನೊಂದರವರೆಗೆ ಟಿ.ವಿ. ಹಚ್ಚಿಟ್ಟು ಹುಡುಗನಿಗೆ ‘ಓದು’ ಎಂದರೆ ಅವನು ಓದುವುದೆಂದು, ನಿದ್ರಿಸುವುದೆಂದು?

ಆ ಹುಡುಗನನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಒತ್ತಡ ನೋಡಿದೆ: 138/84. ಎರಡು ಬಾರಿ ಬೇರೆ ಬೇರೆ ದಿನ ಕರೆಸಿ ನೋಡಿದಾಗಲೂ 130ರ ಕೆಳಗೆ ಇಳಿಯಲಿಲ್ಲ. 13 ವರ್ಷ ದಾಟಿದವರಲ್ಲಿ 120/80ರ ಕೆಳಗಿರುವುದು ಸರಿಯಾದದ್ದು. ಮೂರು ಭೇಟಿಗಳಲ್ಲೂ 130/80 ಅಥವಾ ಮೇಲಿದ್ದರೆ ಮೂತ್ರವನ್ನೂ ರಕ್ತವನ್ನೂ ಪರೀಕ್ಷಿಸಬೇಕು, ಏಕೆಂದರೆ ಮಕ್ಕಳಲ್ಲಿ ಮೂತ್ರಪಿಂಡದ ದೋಷ ಕೆಲವೊಮ್ಮೆ ಹೀಗೆ ತಲೆಹಾಕುತ್ತದೆ. ಇವನಲ್ಲಿ ಅದಿರಲಿಲ್ಲ. ತಂದೆಯನ್ನೂ ಕೂರಿಸಿ ಅಳೆದೆ. 170/104! ಅವರು ಅದುವರೆಗೆ ಒಮ್ಮೆಯೂ ನೋಡಿಸಿದವರಲ್ಲ. ಟಾನಿಕ್ಕಿನ ಮಾತು ಅಲ್ಲಿಗೇ ನಿಂತಿತು. ಈಗ ತಂದೆ ಮಾತ್ರೆ ನುಂಗುತ್ತಾರೆ, ಹುಡುಗ ಸಂಜೆ ಮೈದಾನಕ್ಕೆ ಹೋಗುತ್ತಾನೆ.

ಯಂತ್ರವನ್ನು ತಂದಿದ್ದೇನೆ. ಮೆಟ್ಟಿಲು ಹತ್ತಿ ಬಂದೊಡನೆ, ಚಹ ಕುಡಿದೊಡನೆ ಅಳೆಯಬಾರದು. ಬೆನ್ನಿಗೆ ಆಸರೆಯಿರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿಯೂ ತೋಳಿಗೆ ತಕ್ಕದ್ದಿರಬೇಕು. ಹಿಂದಿನ ಸಾಲಿನ ಹುಡುಗರಲ್ಲಿ ಒಬ್ಬರು ಮುಂದೆ ಬನ್ನಿ. ಕಾರ್ಯದರ್ಶಿಗಳೇ, ಅವನ ನಂತರ ನೀವು.