ಕಿವಿಯಿಂದ ಕಾಣುವ ಪ್ರಾಣಿ

ಮಕ್ಕಳೇ, ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯ ಸಮೀಪದಲ್ಲಿ ದೊಡ್ಡಗದ್ದವಳ್ಳಿ ಎಂಬ ಗ್ರಾಮವುಂಟು. ಅಲ್ಲಿಯ ಕೆರೆಯ ತಡಿಯಲ್ಲಿ, 12ನೆಯ ಶತಮಾನದಲ್ಲಿ ಕಟ್ಟಿದ ಲಕ್ಷ್ಮೀದೇವಿಯ ಗುಡಿಯಿದೆ. ಅದಕ್ಕೆ ನಾಲ್ಕು ಗರ್ಭಗೃಹಗಳು. ಇಂತಹ ಹಳೆಯ ಗುಡಿಗಳ ಒಳಗೆ ಹಗಲಿನಲ್ಲಿಯೂ ನಾವು ಕಂಬಗಳನ್ನು ತಡವಿಕೊಂಡು ನಡೆಯಬೇಕಾಗುತ್ತದೆ. ಆದರೆ ಕಲ್ಲಿನ ಸಂದುಗಳಲ್ಲಿ ವಾಸಿಸುವ ಸಣ್ಣ ಬಾವಲಿಯು ಅಮಾವಾಸ್ಯೆಯ ಇರುಳಿನಲ್ಲಿಯೂ ಎಲ್ಲಿಯೂ ತಾಗದೆ ಹಾರಾಡುತ್ತದೆ. ಇದು ಹೇಗೆ ಸಾಧ್ಯ?

ಇಟಲಿಯ ಸ್ಪಲ್ಲಾಂಜಾನಿ ಎಂಬ ವಿದ್ವಾಂಸನು 1793ರಲ್ಲಿ ಇದೇ ಪ್ರಶ್ನೆಯನ್ನು ಕೇಳಿದನು. ಗಾಢಾಂಧಕಾರದಲ್ಲಿ ಗೂಬೆಯೇ ದಿಕ್ಕುಗೆಟ್ಟಿತು. ಕಣ್ಣು ಕಳೆದುಕೊಂಡ ಬಾವಲಿಯಾದರೋ ಸಲೀಸಾಗಿ ಹಾರಿತು. ಜಿನೀವಾ ನಗರದ ಜುರೀನನು ಬಾವಲಿಯ ಕಿವಿಗಳನ್ನು ಮುಚ್ಚಿ ನೋಡಿದನು. ಆಗ ಅದು ಎದುರಾದುದಕ್ಕೆಲ್ಲ ಢಿಕ್ಕಿ ಹೊಡೆಯಿತು. ಹಾಗಾದರೆ ಅದು ಕೇಳುತ್ತಿದ್ದುದೇನು? ಉತ್ತರ ದೊರೆತದ್ದು 1938ರಲ್ಲಿ. ಅಮೆರಿಕದ ಗ್ರಿಫಿನ್ ಎಂಬ ತರುಣ ವಿದ್ಯಾರ್ಥಿಯು ಪಿಯರ್ಸ್ ಎಂಬ ಪ್ರಾಧ್ಯಾಪಕರ ಯಂತ್ರದ ಮುಂದೆ ಬಾವಲಿಗಳನ್ನು ಹಿಡಿದಾಗ, ನಿಶ್ಶಬ್ದವೆಂದು ತೋರುತ್ತಿದ್ದ ಪ್ರಾಣಿಗಳು ಕೂಗುತ್ತಿದ್ದುದು ತಿಳಿದುಬಂದಿತು!

ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಧ್ವನಿಯು ನಮ್ಮ ಕಿವಿಗೆ ಕೇಳಿಸದು. ಸಣ್ಣ ಬಾವಲಿಗಳ ಕೂಗು ಸಾಮಾನ್ಯವಾಗಿ ಆ ಎಲ್ಲೆಯ ಆಚೆಗಿನದು. ನೀವು 170 ಮೀಟರು ದೂರದ ಬಂಡೆಯ ಎದುರು ನಿಂತು ಕೂಗಿದರೆ ಮಾರ್ದನಿ ಬರಲು ಒಂದು ಸೆಕೆಂಡು ಬೇಕು. ಬಂಡೆ ಹತ್ತಿರವಾದಷ್ಟೂ ಅದು ಬೇಗನೆ ಬರುತ್ತದೆ. ಈ ಲೆಕ್ಕದಿಂದಲೇ ಬಾವಲಿಯು ಗೋಡೆಯನ್ನೂ ಹಾರುವ ಹುಳುವನ್ನೂ ಗುರುತಿಸುತ್ತದೆ. ಆಲದ ಮರದಲ್ಲಿ ತೂಗಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಗೆ ಈ ವಿದ್ಯೆಯಿಲ್ಲ. ಅವು ಕಣ್ಣು ಮೂಗುಗಳನ್ನೇ ನಂಬಿವೆ.

ನಮ್ಮ ನಾಡಿನಲ್ಲಿಯೇ ಇಂತಹ ಒಂದು ಅಪೂರ್ವ ಜಾತಿಯಿದೆ. ಅದರ ಮೂಗಿನ ಮೇಲೆ ಎಲೆಯಂತಹ ಚರ್ಮ. ಕೂಗು ಹೊರಡುವುದು ಮೂಗಿನಿಂದಲೇ. 1994ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ವರ್ಣಿಸಿದರು. ಇಂದು ಇದರ ನೆಲೆಯೆಂದು ತಿಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದೇ. ಉಳಿದಿರುವವು 200ಕ್ಕೂ ಕಡಮೆಯೆಂದು ಅಂದಾಜು. ಅಲ್ಲಿ ಗ್ರಾನೈಟ್ ಕಲ್ಲಿಗಾಗಿ ಬಂಡೆಗಳನ್ನು ಒಡೆದುದು ಇವುಗಳಿಗೆ ದೊಡ್ಡ ಗಂಡಾಂತರವಾಯಿತು. ಬಹುಪಾಲು ಬಾವಲಿಗಳು ವರ್ಷಕ್ಕೆ ಹೆರುವುದು ಒಂದೇ ಮರಿಯನ್ನು. ಆದುದರಿಂದ ಅಳಿದ ಸಂತತಿಯು ಬೇಗನೆ ತುಂಬಿಬಾರದು.

ಬಾವಲಿಯನ್ನು ಅಪಶಕುನವೆಂದು ಕಲ್ಲೆಸೆಯುವವರನ್ನು ನೀವು ನೋಡಿರಬಹುದು. ಅದು ಹಿಡಿಯುವುದು ಸೊಳ್ಳೆ, ಪತಂಗ ಮೊದಲಾದ ಹುಳುಗಳನ್ನು ಎಂದು ಅವರಿಗೆ ತಿಳಿಸಿರಿ. ಹಳೆಯ ಗುಡಿಗೆ ಹೋದಾಗ ಅದನ್ನು ಮುಟ್ಟದೆ, ಬೆದರಿಸದೆ, ದೂರದಿಂದಲೇ ನೋಡಿ ಬನ್ನಿರಿ.