ಬಡಾವಣೆಯೂ ಕಾಲ್ನಡಿಗೆಯೂ

ನಡಿಗೆಯು ದೇಹಕ್ಕೆ ಹಿತವೆಂಬುದನ್ನು ನಾವೆಲ್ಲರೂ ಬಲ್ಲೆವು. ವಯಸ್ಕರು ವಾರಕ್ಕೆ 150 ನಿಮಿಷಗಳಾದರೂ ಮಿತವಾದ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿದೆ. ಆದರೆ ನಡೆಯದವನನ್ನು ಸೋಮಾರಿಯೆಂದು ಜರೆಯುವುದಕ್ಕೆ ಮೊದಲು ಅವನು ವಾಸಿಸುವ ಬಡಾವಣೆಯನ್ನು ನೋಡುವುದು ನ್ಯಾಯ.

ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳನ್ನು ತೆಗೆದುಕೊಳ್ಳೋಣ. ಗಾಳಿ ಬೆಳಕುಗಳು ಆಡುವಂತೆ ಅಲ್ಲಿ ರಸ್ತೆಗಳನ್ನು ನೆಟ್ಟಗೆ ಎಳೆದರು. ನಡುನಡುವೆ ಅಡ್ಡರಸ್ತೆಗಳನ್ನು ಬಿಟ್ಟರು. ಅಂಗಡಿ, ದೇವಸ್ಥಾನ, ಶಾಲೆ, ಉದ್ಯಾನಗಳು ಹತ್ತಿರದಲ್ಲಿಯೇ ನೆಲೆಗೊಂಡುವು. ಗಾಂಧಿಬಜಾರಿಗೆ ಹೂವು ತರಲು ಹೊರಟವರಿಗೆ ಒಂದಲ್ಲ, ಹಲವು ದಾರಿಗಳುಂಟು. ವ್ಯಾಯಾಮವೆಂಬ ಹೆಸರಿಲ್ಲದೆಯೇ ಅಲ್ಲಿ ವ್ಯಾಯಾಮವು ನಡೆದುಹೋಗುತ್ತದೆ. ಅಡ್ಡರಸ್ತೆಗಳು ಹತ್ತಿರ ಹತ್ತಿರವಾಗಿರಬೇಕೆಂದು ಅಮೆರಿಕೆಯ ಲೇಖಕಿ ಜೇನ್ ಜೇಕಬ್ಸ್ ಅವರು 1961ರಲ್ಲಿ ವಾದಿಸಿದುದೂ ಇಂಥ ಅನುಕೂಲವನ್ನು ಕಂಡೇ.

ಈಗಿನ ಅನೇಕ ಬಡಾವಣೆಗಳಿಗಾದರೋ ಸುತ್ತಲೂ ಗೋಡೆ, ಒಂದೇ ಬಾಗಿಲು. ಅಂಗಡಿಯು ಗೋಡೆಯ ಆಚೆಯಲ್ಲಿಯೇ ಇದ್ದರೂ ಬಳಸಿ ಹೋಗಬೇಕು. 400 ಮೀಟರುಗಳ ಹಾದಿಯು ಐದಾರು ನಿಮಿಷಗಳ ನಡಿಗೆ. ಅದೇ ಎರಡು ಕಿಲೋಮೀಟರಾದರೆ ಕೈಯು ತಾನಾಗಿಯೇ ಮೋಟಾರಿನ ಬೀಗದಕೈಯನ್ನು ಹುಡುಕುತ್ತದೆ. ಹಳೆಯ ಬಡಾವಣೆಗಳಲ್ಲಿಯೂ ಕಾಲುದಾರಿಯ ಮೇಲೆ ವಾಹನಗಳನ್ನು ನಿಲ್ಲಿಸಿದರೆ ಹಿರಿಯರು ಕಟ್ಟಿಕೊಟ್ಟ ಅನುಕೂಲವನ್ನು ನಾವೇ ಕಳೆದುಕೊಂಡಂತೆ.

ವಾಹನವುಳ್ಳವನು ಹೇಗೋ ತಲುಪುತ್ತಾನೆ. ಮನೆಯಲ್ಲಿ ಉಳಿಯುವವರು ಮಕ್ಕಳು ಮತ್ತು ವೃದ್ಧರು. ಆದುದರಿಂದ ನಿವೇಶನವನ್ನು ಕೊಳ್ಳುವಾಗ ಅದರ ಉದ್ದಗಲಗಳನ್ನು ವಿಚಾರಿಸುವ ನಾವು ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕು: ಇಲ್ಲಿಂದ ಮಗುವು ಶಾಲೆಗೆ ನಿರ್ಭಯವಾಗಿ ನಡೆದುಹೋಗಬಲ್ಲುದೆ? ಮುದುಕರಿಗೆ ದಾರಿಯಲ್ಲಿ ನೆರಳುಂಟೆ?